ಆಲ್ಡೋಸ್ಟೆರೋನ್ ಹಾಕಿದರೂ ಜೀನ್ ಅಲುಗದಿದ್ದರೆ: ಕಿಡ್ನಿ ಕೋಶಗಳಲ್ಲಿ ದೋಷ ಹುಡುಕುವ ಬಗೆ

ಕಿಡ್ನಿಯ ಕಲೆಕ್ಟಿಂಗ್ ಡಕ್ಟ್, ಅಂದರೆ ಮೂತ್ರ ಸಾಗುವ ಕೊನೆಯ ನಾಳದ ಕೋಶಗಳನ್ನು ಬೆಳೆಸಿದ್ದೀರಿ. ದೇಹದಲ್ಲಿ ಸೋಡಿಯಂ ಉಳಿಸುವ ಹಾರ್ಮೋನ್ ಆಲ್ಡೋಸ್ಟೆರೋನ್ ಹಾಕಿದ್ದೀರಿ. ಆರ್‌ಎನ್‌ಎ ತೆಗೆದು ಜೀನ್ ಎಷ್ಟು ಎದ್ದಿದೆ ಅಂತ ಅಳೆಯುವ ಕ್ಯೂಪಿಸಿಆರ್ ಓಡಿಸಿದರೆ, ಈ ಹಾರ್ಮೋನ್‌ಗೆ ಏರಬೇಕಾದ ಎಸ್‌ಜಿಕೆ-1 ಜೀನ್ ಇದ್ದಲ್ಲೇ ಇದೆ. ಹಾರ್ಮೋನ್ ಹಾಕಿದ ವೆಲ್‌ಗೂ (ಪ್ಲೇಟಿನ ಕುಳಿ) ಹಾಕದ ವೆಲ್‌ಗೂ ವ್ಯತ್ಯಾಸವೇ ಇಲ್ಲ. ಮೂರು ಸಲ ಮಾಡಿದರೂ ಇದೇ ಕಥೆ. ಹಾಗಿದ್ದರೆ ಮುಂದೆ ಓದಿ.

ನಾನು ಇದೇ ಸಮಸ್ಯೆಯಲ್ಲಿ ಎರಡು ತಿಂಗಳು ಕಳೆದೆ. ಹಾರ್ಮೋನ್ ಕೆಟ್ಟಿರಬೇಕು ಅಂತ ಹೊಸದನ್ನು ತರಿಸಿದೆ. ಕ್ಯೂಪಿಸಿಆರ್‌ನಲ್ಲಿ ಜೀನನ್ನು ಗುರುತಿಸುವ ಪ್ರೈಮರ್ ಬದಲಿಸಿದೆ. ಆರ್‌ಎನ್‌ಎ ಕಿಟ್ ಬದಲಿಸಿದೆ. ಕೊನೆಗೆ ದೋಷ ಸಿಕ್ಕಿದ್ದು ಫ್ರಿಜ್‌ನಲ್ಲಿದ್ದ ಮೀಡಿಯಂ, ಅಂದರೆ ಕೋಶ ಬೆಳೆಸುವ ದ್ರವದ ಬಾಟಲಿಯಲ್ಲಿ. ಕೋಶಗಳಿಗೆ ನಾವೇ ದಿನವೂ ಸ್ಟೆರಾಯ್ಡ್ ಕುಡಿಸುತ್ತಿದ್ದೆವು. ಆ ಬಾಟಲಿಯನ್ನು ಮೊದಲೇ ನೋಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ಆದ್ದರಿಂದ ಇಲ್ಲಿ ಹುಡುಕಾಟದ ಕ್ರಮವನ್ನೂ ಬರೆದಿದ್ದೇನೆ.

ಎಲ್ಲ ಸರಿ ಇದ್ದರೆ ಏನಾಗಬೇಕು?

ಆಲ್ಡೋಸ್ಟೆರೋನ್ ಸ್ಟೆರಾಯ್ಡ್. ಕೋಶದ ಪೊರೆ ದಾಟಿ ಸುಲಭವಾಗಿ ಒಳಗೆ ಹೋಗುತ್ತದೆ. ಒಳಗೆ ಮಿನರಲೊಕಾರ್ಟಿಕಾಯ್ಡ್ ರಿಸೆಪ್ಟರ್ ಕಾದಿರುತ್ತದೆ. ಇದನ್ನು ಮುಂದೆ ಎಂಆರ್ ಅಂತಲೇ ಕರೆಯುತ್ತೇನೆ. ಹಾರ್ಮೋನ್ ಕೂತ ಮೇಲೆ ಎಂಆರ್ ನ್ಯೂಕ್ಲಿಯಸ್‌ಗೆ ಹೋಗುತ್ತದೆ. ಅಲ್ಲಿ ಡಿಎನ್‌ಎ ಮೇಲಿನ ಗುರುತು ಹಿಡಿದು ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ. ಎಸ್‌ಜಿಕೆ-1 ಬೇಗ ಏಳುವ ಜೀನ್. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದರ ಎಂಆರ್‌ಎನ್‌ಎ ಏರಿರುತ್ತದೆ. ಗಿಲ್ಜ್ ಮತ್ತು ಪರ್-1 ಜೀನ್‌ಗಳೂ ಹೀಗೇ ಬೇಗ ಎದ್ದು ಬರುತ್ತವೆ. ಸೋಡಿಯಂ ಚಾನಲ್ ಈನ್ಯಾಕ್‌ನ ಆಲ್ಫಾ ಭಾಗ ನಿಧಾನ. ಅದಕ್ಕೆ ಕೆಲವು ಗಂಟೆ ಬೇಕು.

ಈ ತಡದ ಹಿಂದೆ ಒಂದು ಹಳೆಯ ಪ್ರಯೋಗವಿದೆ. ನನಗೆ ಅದು ತುಂಬ ಇಷ್ಟ. 1963ರಲ್ಲಿ ಇಸಿಡೋರ್ ಎಡೆಲ್‌ಮನ್ ಮತ್ತು ಜೊತೆಗಾರರು ನೆಲಗಪ್ಪೆಯ ಮೂತ್ರಕೋಶವನ್ನು ತೆಗೆದು ಆಲ್ಡೋಸ್ಟೆರೋನ್ ಕೊಟ್ಟರು. ಸೋಡಿಯಂ ಸಾಗಾಟ ಜಾಸ್ತಿ ಆಗಲು ಒಂದು ಗಂಟೆಯ ಆಸುಪಾಸು ಹಿಡಿಯಿತು. ಆರ್‌ಎನ್‌ಎ ತಯಾರಿಕೆ ನಿಲ್ಲಿಸುವ ಆಕ್ಟಿನೋಮೈಸಿನ್-ಡಿ ಹಾಕಿದಾಗ ಹಾರ್ಮೋನಿನ ಪರಿಣಾಮವೇ ಬರಲಿಲ್ಲ. ಅಂದರೆ ಹಾರ್ಮೋನ್ ಚಾನಲನ್ನು ನೇರವಾಗಿ ತಳ್ಳುವುದಿಲ್ಲ, ಜೀನಿನ ಮೂಲಕ ಕೆಲಸ ಮಾಡಿಸುತ್ತದೆ. ಎಂಆರ್ ಜೀನ್ ಕೈಗೆ ಸಿಕ್ಕಿದ್ದು 1987ರಲ್ಲಿ, ರೊನಾಲ್ಡ್ ಇವಾನ್ಸ್ ಅವರ ಲ್ಯಾಬಿನಲ್ಲಿ. ಅದಕ್ಕೂ 24 ವರ್ಷ ಮೊದಲೇ ಕಪ್ಪೆಯ ಮೂತ್ರಕೋಶ ವಿಷಯ ಹೇಳಿಬಿಟ್ಟಿತ್ತು.

ಮೊದಲ ಹೆಜ್ಜೆ: ಕಂಟ್ರೋಲ್‌ನ ಸಿಟಿ ನೋಡಿ

ಕಂಟ್ರೋಲ್ ಅಂದರೆ ಹಾರ್ಮೋನ್ ಹಾಕದ ಗುಂಪು. ಸಿಟಿ ಅಂದರೆ ಜೀನ್ ಕಾಣಿಸಲು ಕ್ಯೂಪಿಸಿಆರ್‌ಗೆ ಬೇಕಾದ ಸುತ್ತುಗಳ ಸಂಖ್ಯೆ. ನಾವೆಲ್ಲ ಮಾಡುವ ತಪ್ಪು ಒಂದಿದೆ. ಸಾಫ್ಟ್‌ವೇರ್ ಕೊಟ್ಟ ಪಟ್ಟು ಲೆಕ್ಕವನ್ನು ಮಾತ್ರ ನೋಡುತ್ತೇವೆ. 1.05 ಪಟ್ಟು ಅಂತ ಬಂದರೆ 'ಹಾರ್ಮೋನ್ ಕೆಲಸ ಮಾಡಲಿಲ್ಲ' ಅಂದುಬಿಡುತ್ತೇವೆ. ಆ ಅಂಕಿ ಹಾರ್ಮೋನ್ ಗುಂಪಿನದನ್ನು ಕಂಟ್ರೋಲ್‌ನದರಿಂದ ಭಾಗಿಸಿ ಬಂದದ್ದು. ಮೇಲಿನದು ಏರದಿದ್ದರೂ 1 ಬರುತ್ತದೆ. ಕೆಳಗಿನದು ಮೊದಲೇ ಏರಿ ಕೂತಿದ್ದರೂ 1 ಬರುತ್ತದೆ. ಎರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ಹಾಗಾಗಿ ಪಟ್ಟು ಲೆಕ್ಕವನ್ನು ಪಕ್ಕಕ್ಕಿಟ್ಟು ಎಸ್‌ಜಿಕೆ-1ರ ಸಿಟಿ ಮೌಲ್ಯಗಳನ್ನು ಹಾಗೇ ನೋಡಿ. ಸಿಟಿ ಒಂದು ಇಳಿದರೆ ಜೀನಿನ ಪ್ರಮಾಣ ಸುಮಾರು ಎರಡು ಪಟ್ಟಾಯಿತು ಅಂತ ಅರ್ಥ, ಅಲ್ವಾ? ಒಂದು ಉದಾಹರಣೆ ತೆಗೆದುಕೊಳ್ಳಿ. ಹಿಂದೆ ಚೆನ್ನಾಗಿ ಬಂದ ಪ್ರಯೋಗದಲ್ಲಿ ಕಂಟ್ರೋಲ್ 27, ಹಾರ್ಮೋನ್ ಹಾಕಿದ್ದು 25 ಇತ್ತು ಅಂದುಕೊಳ್ಳಿ. ಈಗ ಎರಡೂ 25ರ ಹತ್ತಿರ ಇದ್ದರೆ ಜೀನ್ ಆಗಲೇ ಎದ್ದಿದೆ. ನಿಮ್ಮ ಹಾರ್ಮೋನ್‌ಗೆ ಎಬ್ಬಿಸಲು ಏನೂ ಉಳಿದಿಲ್ಲ. ಎರಡೂ 27ರ ಹತ್ತಿರ ಇದ್ದರೆ ಹಾರ್ಮೋನಿನ ಸುದ್ದಿ ಕೋಶಕ್ಕೆ ಮುಟ್ಟಿಲ್ಲ. ಎರಡೂ 35 ದಾಟಿದ್ದರೆ ಆರ್‌ಎನ್‌ಎ ಅಥವಾ ಪ್ರೈಮರ್‌ನಲ್ಲಿ ತೊಂದರೆ ಇದೆ. ಹಾರ್ಮೋನ್‌ಗೆ ಬದಲಾಗದ, ಹೋಲಿಕೆಗೆ ಇಡುವ ರೆಫರೆನ್ಸ್ ಜೀನಿನ ಸಿಟಿ ಎರಡು ಪ್ರಯೋಗಗಳಲ್ಲೂ ಒಂದೇ ಇದ್ದರೆ ಮಾತ್ರ ಈ ಹೋಲಿಕೆ ನಿಲ್ಲುತ್ತದೆ. ಅದನ್ನು ಮರೆಯಬೇಡಿ.

ಚೆನ್ನಾಗಿ ಬಂದ ಹಳೆಯ ಪ್ರಯೋಗ ಇಲ್ಲದಿದ್ದರೆ ಚಿಂತೆ ಬೇಡ. ಮುಂದಿನ ಪರೀಕ್ಷೆ ಅದನ್ನೇ ಮಾಡಿಕೊಡುತ್ತದೆ.

ಎರಡೂ ಕಡೆ ಏರಿಯೇ ಇದ್ದರೆ: ಮೀಡಿಯಂ ಬಾಟಲಿ

ನನ್ನ ಅನುಭವದಲ್ಲಿ ಜಾಸ್ತಿ ಸಿಗುವುದು ಈ ದೋಷವೇ.

ಕಲೆಕ್ಟಿಂಗ್ ಡಕ್ಟ್ ಕೆಲಸಕ್ಕೆ ತುಂಬ ಲ್ಯಾಬ್‌ಗಳಲ್ಲಿ ಬಳಸುವುದು ಎಂಪಿಕೆ-ಸಿಸಿಡಿ ಕೋಶಗಳನ್ನು. ಇವು ಇಲಿಯ ಕಿಡ್ನಿಯವು. ಇವುಗಳ ಮೀಡಿಯಂ ಪಟ್ಟಿಯನ್ನು ಒಮ್ಮೆ ಗಮನವಿಟ್ಟು ಓದಿ. ಡಿಎಂಇಎಂ ಮತ್ತು ಎಫ್-12 ಅನ್ನುವ ಪೋಷಕ ದ್ರವಗಳು ಅರ್ಧರ್ಧ, ಶೇ. 2 ಸೀರಮ್ (ಕರುವಿನ ರಕ್ತದ ತಿಳಿ), ಇನ್ಸುಲಿನ್, ಟ್ರಾನ್ಸ್‌ಫೆರಿನ್, ಸೆಲೆನಿಯಂ, ಥೈರಾಯ್ಡ್ ಹಾರ್ಮೋನ್ ಟಿ-3, ಬೆಳವಣಿಗೆಯ ಪ್ರೋಟೀನ್ ಇಜಿಎಫ್, ಜೊತೆಗೆ 50 ನ್ಯಾನೋಮೋಲಾರ್ ಡೆಕ್ಸಾಮೆಥಾಸೋನ್. ಆ ಕೊನೆಯ ಹೆಸರಿನ ಮೇಲೆ ಬೆರಳಿಡಿ. ಎಂ-1 ಅನ್ನುವ ಇನ್ನೊಂದು ಇಲಿ ಕೋಶದ ಮೀಡಿಯಂನಲ್ಲಿ ಇದೇ ಡೆಕ್ಸಾಮೆಥಾಸೋನ್ 5 ಮೈಕ್ರೋಮೋಲಾರ್ ಇರುತ್ತದೆ. ಅಂದರೆ ನೂರು ಪಟ್ಟು ಜಾಸ್ತಿ.

ಡೆಕ್ಸಾಮೆಥಾಸೋನ್ ಗ್ಲುಕೊಕಾರ್ಟಿಕಾಯ್ಡ್. ಅದರ ಮನೆ ಎಂಆರ್ ಅಲ್ಲ, ಜಿಆರ್ ಅನ್ನುವ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್. ಆದರೆ ಎಂಆರ್ ಮತ್ತು ಜಿಆರ್ ಅಣ್ಣತಮ್ಮಂದಿರ ಹಾಗೆ. ಡಿಎನ್‌ಎ ಮೇಲೆ ಇಬ್ಬರೂ ಹಿಡಿಯುವ ಗುರುತು ಒಂದೇ. ಎಸ್‌ಜಿಕೆ-1 ಜೀನನ್ನು ಎಂಆರ್ ಎಬ್ಬಿಸಬಲ್ಲದು, ಜಿಆರ್ ಕೂಡ ಎಬ್ಬಿಸಬಲ್ಲದು. 50 ನ್ಯಾನೋಮೋಲಾರ್ ಡೆಕ್ಸಾಮೆಥಾಸೋನ್ ಅಂದರೆ ಜಿಆರ್ ಹೆಚ್ಚುಕಡಿಮೆ ತುಂಬಿಹೋಗಿರುತ್ತದೆ. ಅದರ ಮೇಲೆ ನೀವು ಆಲ್ಡೋಸ್ಟೆರೋನ್ ಸುರಿದರೆ ಜೀನ್ ಇನ್ನೆಲ್ಲಿಗೆ ಏರಬೇಕು?

ಸೀರಮ್ ಕೂಡ ಸ್ಟೆರಾಯ್ಡ್ ತರುತ್ತದೆ. ಹುಟ್ಟದ ಕರುವಿನ ರಕ್ತದಲ್ಲೂ ಕಾರ್ಟಿಸಾಲ್ ಇರುತ್ತದೆ, ಒಂದು ಲಾಟ್‌ನಿಂದ ಇನ್ನೊಂದಕ್ಕೆ ಪ್ರಮಾಣ ಬೇರೆಯಾಗುತ್ತದೆ. 'ಹೋದ ತಿಂಗಳು ಬಂದಿತ್ತು, ಈ ತಿಂಗಳು ಬರಲಿಲ್ಲ' ಅನ್ನುವವರು ನಡುವೆ ಸೀರಮ್ ಬಾಟಲಿ ಬದಲಾಗಿದೆಯೇ ಅಂತ ನೋಡಿ. ಇದ್ದಿಲಿನಲ್ಲಿ ಹಾಯಿಸಿ ಸ್ಟೆರಾಯ್ಡ್ ತೆಗೆದ ಸೀರಮ್ ಸಿಗುತ್ತದೆ. ಪ್ರಯೋಗದ ದಿನಗಳಿಗೆ ಅದನ್ನೇ ಬಳಸಿ. ಇದ್ದಿಲು ಟಿ-3ಯಂಥ ಬೇರೆ ಹಾರ್ಮೋನ್‌ಗಳನ್ನೂ ಹೀರುತ್ತದೆ, ಅದು ನೆನಪಿರಲಿ.

ಪರೀಕ್ಷೆ ಸುಲಭ. ಒಂದೇ ದಿನ, ಒಂದೇ ಪ್ಯಾಸೇಜ್‌ನ (ಕೋಶಗಳನ್ನು ಬಿಡಿಸಿ ಹೊಸ ಪಾತ್ರೆಗೆ ಹಾಕಿದ ಸುತ್ತು) ಕೋಶಗಳಲ್ಲಿ ನಾಲ್ಕು ಗುಂಪು ಮಾಡಿ. ಎರಡು ಗುಂಪು ಮಾಮೂಲಿ ಮೀಡಿಯಂನಲ್ಲಿ, ಎರಡು ಗುಂಪು ಸ್ಟೆರಾಯ್ಡ್ ಮತ್ತು ಸೀರಮ್ ಇಲ್ಲದ ಮೀಡಿಯಂನಲ್ಲಿ 24 ಗಂಟೆ ಇರಲಿ. ಪ್ರತಿ ಜೋಡಿಯಲ್ಲಿ ಒಂದಕ್ಕೆ ಹಾರ್ಮೋನ್ ಕರಗಿಸುವ ಎಥನಾಲ್ ಮಾತ್ರ, ಒಂದಕ್ಕೆ ಆಲ್ಡೋಸ್ಟೆರೋನ್. ಒಂದು ಗಂಟೆ ಬಿಟ್ಟು ಆರ್‌ಎನ್‌ಎ ತೆಗೆಯಿರಿ. ಈಗ ಎಥನಾಲ್ ಹಾಕಿದ ಎರಡು ಗುಂಪುಗಳನ್ನು ಮಾತ್ರ ಹೋಲಿಸಿ. ಉಪವಾಸ ಇದ್ದ ಗುಂಪಿನಲ್ಲಿ ಎಸ್‌ಜಿಕೆ-1 ಕೆಳಗೆ ಇಳಿದಿದ್ದರೆ ಕಳ್ಳ ಸಿಕ್ಕಿದ. ನನ್ನ ಪ್ಲೇಟ್‌ನಲ್ಲಿ ಹೀಗೇ ಆಯಿತು. ಆ ಕಡೆಯ ಜೋಡಿಯಲ್ಲಿ ಆಲ್ಡೋಸ್ಟೆರೋನ್ ಪರಿಣಾಮ ಕಣ್ಣಿಗೆ ಹೊಡೆಯುವಂತೆ ಬಂತು. ಎರಡು ತಿಂಗಳಿಂದ ನಾನು ದೂರುತ್ತಿದ್ದ ಹಳೆಯ ಹಾರ್ಮೋನ್ ವಯಲನ್ನೇ ಅವತ್ತು ಬಳಸಿದ್ದೆ.

ಮೀಡಿಯಂ ಬದಲಿಸುವಾಗ ಎರಡು ಎಚ್ಚರಿಕೆ. ಹಳೆಯದನ್ನು ಹೀರಿ ಹೊಸದನ್ನು ಹಾಕಿದರೆ ಸಾಲದು. ಬೆಚ್ಚಗಿನ ಪಿಬಿಎಸ್ ಉಪ್ಪುನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಇನ್ನೊಂದು, ಕೋಶಗಳು ಪೂರ್ತಿ ಹರಡಿ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳುವ ಮೊದಲೇ ಡೆಕ್ಸಾಮೆಥಾಸೋನ್ ತೆಗೆಯಬೇಡಿ. ಆ ಬಿಗಿ ಬರಲು ಅದರ ಸಹಾಯ ಬೇಕು. ಮೊದಲು ಪದರ ಗಟ್ಟಿಯಾಗಲಿ, ಆಮೇಲೆ ಉಪವಾಸ.

ಹೆಸರಿನಲ್ಲೇ ಇರುವ ಸುಳಿವು

ಎಸ್‌ಜಿಕೆ ಅಂದರೆ ಸೀರಮ್ ಮತ್ತು ಗ್ಲುಕೊಕಾರ್ಟಿಕಾಯ್ಡ್ ಎರಡಕ್ಕೂ ಏಳುವ ಕೈನೇಸ್, ಅಂದರೆ ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಸೇರಿಸುವ ಕಿಣ್ವ. 1993ರಲ್ಲಿ ಇಲಿಯ ಸ್ತನಗಡ್ಡೆಯ ಕೋಶಗಳಲ್ಲಿ ಇದನ್ನು ಕಂಡವರು ಇಟ್ಟ ಹೆಸರು ಅದು. ಆಲ್ಡೋಸ್ಟೆರೋನ್‌ಗೂ ಏಳುತ್ತದೆ ಅಂತ ಗೊತ್ತಾಗಿದ್ದು 1999ರಲ್ಲಿ. ಹೆಸರಿನ ಮೊದಲ ಪದವೇ ಸೀರಮ್ ಅಂದ ಮೇಲೆ ತಾಜಾ ಸೀರಮ್ ಹಾಕಿದ ಕೂಡಲೇ ಈ ಜೀನ್ ಏಳುವುದರಲ್ಲಿ ಆಶ್ಚರ್ಯವಿಲ್ಲ. ಮೀಡಿಯಂನ ಉಪ್ಪಿನ ಸಾಂದ್ರತೆ ಬದಲಾಗಿ ಕೋಶ ಕುಗ್ಗಿದರೂ ಇದು ಏಳುತ್ತದೆ.

ಇದರಿಂದ ಬರುವ ದೋಷ ಹೀಗಿರುತ್ತದೆ. ಆಲ್ಡೋಸ್ಟೆರೋನನ್ನು ಹೊಸ ಮೀಡಿಯಂನಲ್ಲಿ ಬೆರೆಸಿ, ಹಳೆಯದನ್ನು ತೆಗೆದು ಇದನ್ನು ಹಾಕುತ್ತೀರಿ. ಕಂಟ್ರೋಲ್‌ಗೂ ಹಾಗೇ ಹೊಸ ಮೀಡಿಯಂ. ಎರಡೂ ಏರುತ್ತವೆ, ವ್ಯತ್ಯಾಸ ಮುಚ್ಚಿಹೋಗುತ್ತದೆ. ಕಂಟ್ರೋಲನ್ನು ಮುಟ್ಟದೆ ಬಿಟ್ಟರೆ ಇನ್ನೂ ಕೆಟ್ಟದ್ದು, ಇಲ್ಲದ ಪರಿಣಾಮ ಕಾಣಿಸುತ್ತದೆ. ಹೀಗಾಗಿ ಪ್ರಯೋಗದ ಹೊತ್ತಿನಲ್ಲಿ ಮೀಡಿಯಂ ಬದಲಿಸಬೇಡಿ. ವೆಲ್‌ನಲ್ಲಿರುವ ಮೀಡಿಯಂಗೇ ಗಟ್ಟಿ ಸ್ಟಾಕ್‌ನಿಂದ ಸ್ವಲ್ಪ ಸೇರಿಸಿ, ಮೆಲ್ಲಗೆ ಅಲುಗಾಡಿಸಿ. ಕಂಟ್ರೋಲ್‌ಗೆ ಅಷ್ಟೇ ಎಥನಾಲ್. ಎಥನಾಲ್ ಶೇ. 0.1 ಮೀರದಿರಲಿ. ಪ್ಲೇಟ್‌ಗಳು ಇನ್‌ಕ್ಯುಬೇಟರ್‌ನಿಂದ ಹೊರಗಿರುವ ಹೊತ್ತೂ ಎರಡಕ್ಕೂ ಒಂದೇ ಇರಲಿ.

ಎರಡೂ ಕಡೆ ತಗ್ಗಿನಲ್ಲೇ ಇದ್ದರೆ

ಈಗ ಅನುಮಾನ ಹಾರ್ಮೋನ್ ಕಡೆಗೆ, ಸಮಯದ ಕಡೆಗೆ, ರಿಸೆಪ್ಟರ್ ಕಡೆಗೆ ತಿರುಗಬೇಕು.

ಹಾರ್ಮೋನ್ ಲೆಕ್ಕ ಮೊದಲು. ಆಲ್ಡೋಸ್ಟೆರೋನ್‌ನ ಅಣುತೂಕ 360.4. 3.6 ಮಿಲಿಗ್ರಾಂ ಪುಡಿಯನ್ನು 10 ಮಿಲಿಲೀಟರ್ ಎಥನಾಲ್‌ನಲ್ಲಿ ಕರಗಿಸಿದರೆ 1 ಮಿಲಿಮೋಲಾರ್ ಸ್ಟಾಕ್. ಹತ್ತು ನ್ಯಾನೋಮೋಲಾರ್ ಬೇಕಾದರೆ ಅದನ್ನು ಒಂದು ಲಕ್ಷ ಪಟ್ಟು ತೆಳು ಮಾಡಬೇಕು. ಸೊನ್ನೆ ತಪ್ಪುವುದು ಇಲ್ಲೇ. ಜೊತೆಗೆ ಸ್ಟೆರಾಯ್ಡ್ ನೀರಿನಲ್ಲಿ ತೆಳುವಾಗಿ ಇದ್ದಾಗ ಪ್ಲಾಸ್ಟಿಕ್ ಗೋಡೆಗೆ ಅಂಟುತ್ತದೆ. ನೀರಿನಲ್ಲಿ ತೆಳು ಮಾಡಿ ಟ್ಯೂಬಿನಲ್ಲಿ ಒಂದು ವಾರ ಇಟ್ಟಿದ್ದನ್ನು ಬಳಸಬೇಡಿ. ನಡುವಿನ ಹಂತಗಳನ್ನೂ ಎಥನಾಲ್‌ನಲ್ಲೇ ಮಾಡಿ, ನೀರಿನ ಹಂತ ಅವತ್ತೇ ಮಾಡಿ ಅವತ್ತೇ ಮುಗಿಸಿ.

ಸಮಯ. ಎಸ್‌ಜಿಕೆ-1 ನೋಡಲು 24 ಗಂಟೆ ಕಾಯುವುದು ಸಾಮಾನ್ಯ ತಪ್ಪು. ಮೊದಲ ಏರಿಕೆ ಅಷ್ಟರಲ್ಲಿ ಇಳಿದಿರಬಹುದು. ಉಲ್ಟಾ ತಪ್ಪೂ ಇದೆ: ಈನ್ಯಾಕ್ ಆಲ್ಫಾವನ್ನು ಒಂದು ಗಂಟೆಗೆ ನೋಡಿ 'ಇಲ್ಲ' ಅನ್ನುವುದು. ದೋಷ ಹುಡುಕುವಾಗ 0, 1, 3, 6, 24 ಗಂಟೆ ಅಂತ ಒಂದೇ ಸಲ ಸಾಲು ಮಾಡಿ. ಪ್ರತಿ ಸಮಯಕ್ಕೂ ಅದರದೇ ಎಥನಾಲ್ ಕಂಟ್ರೋಲ್ ಇರಲಿ. 0 ಗಂಟೆಯ ಒಂದೇ ಕಂಟ್ರೋಲ್ ಸಾಕಾಗುವುದಿಲ್ಲ. ಪರ್-1 ಗಡಿಯಾರದ ಜೀನ್ ಕೂಡ ಹೌದು, ಅದು ಹೊತ್ತಿನ ಜೊತೆ ತಾನಾಗಿಯೇ ಏರಿಳಿಯುತ್ತದೆ.

ರಿಸೆಪ್ಟರ್. ಕಿಡ್ನಿ ಹೆಸರಿರುವ ಕೋಶಗಳಲ್ಲೆಲ್ಲ ಎಂಆರ್ ಇರುತ್ತದೆ ಅಂದುಕೊಳ್ಳಬೇಡಿ. ಎಚ್‌ಕೆ-2 ಮನುಷ್ಯನ ಕಿಡ್ನಿಯದೇ, ಆದರೆ ಪ್ರಾಕ್ಸಿಮಲ್ ಟ್ಯೂಬ್ಯೂಲ್‌ನದು, ಅಂದರೆ ಮೊದಲ ಭಾಗದ ನಳಿಕೆಯದು. ಆಲ್ಡೋಸ್ಟೆರೋನ್ ಮುಖ್ಯವಾಗಿ ಕೆಲಸ ಮಾಡುವ ಜಾಗ ಕಿಡ್ನಿಯ ಸಣ್ಣ ನಳಿಕೆಯಾದ ನೆಫ್ರಾನ್‌ನ ಕೊನೆಯ ಭಾಗ. ಎಚ್‌ಇಕೆ-293 ಹೆಸರಿನಲ್ಲಿ ಕಿಡ್ನಿ ಇದೆ. 1973ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಫ್ರಾಂಕ್ ಗ್ರಹಾಂ ಇದನ್ನು ಮಾಡಿದ್ದು ಭ್ರೂಣದ ಕಿಡ್ನಿಯ ಕೋಶಗಳಿಂದಲೇ. ಆದರೆ ಅದರ ಗುಣಗಳು ಕಿಡ್ನಿ ಟ್ಯೂಬ್ಯೂಲ್‌ಗೆ ಹೊಂದುವುದಿಲ್ಲ. ಎಂಆರ್ ಜೀನ್ ಹೊತ್ತ ಪ್ಲಾಸ್ಮಿಡ್ (ಡಿಎನ್‌ಎ ಉಂಗುರ) ಮತ್ತು ಎಂಆರ್ ಕೆಲಸ ಮಾಡಿದರೆ ಸಂಕೇತ ಕೊಡುವ ರಿಪೋರ್ಟರ್ ಹಾಕಿ ಮಾಡುವ ಕೆಲಸಕ್ಕೆ ಅದು ಒಳ್ಳೆಯದು. ಪ್ಲಾಸ್ಮಿಡ್ ಇಲ್ಲದೆ ಆಲ್ಡೋಸ್ಟೆರೋನ್ ಉತ್ತರ ಕೇಳಿದರೆ ಅದು ಎಲ್ಲಿಂದ ಕೊಡಬೇಕು?

ಸರಿಯಾದ ಕೋಶವೇ ಇದ್ದರೂ ಪ್ಯಾಸೇಜ್ ಏರಿದ ಹಾಗೆ ಎಂಆರ್ ಕಡಿಮೆ ಆಗಬಹುದು. ಮೊದಮೊದಲ ಪ್ಯಾಸೇಜ್‌ನ ವಯಲ್‌ಗಳನ್ನು ದ್ರವ ನೈಟ್ರೋಜನ್‌ನಲ್ಲಿ ಉಳಿಸಿಕೊಂಡಿರಿ. ಈಗಿನ ಕೋಶ ಮತ್ತು ಹಳೆಯ ವಯಲ್‌ನ ಕೋಶ ಪಕ್ಕಪಕ್ಕ ಬೆಳೆಸಿ ಎಂಆರ್ ಎಂಆರ್‌ಎನ್‌ಎ ಹೋಲಿಸಿ. ಪ್ರೋಟೀನನ್ನು ಜೆಲ್‌ನಲ್ಲಿ ಓಡಿಸಿ ನೋಡುವುದಾದರೆ ಆಂಟಿಬಾಡಿ ಬಗ್ಗೆ ಜಾಗ್ರತೆ. ಎಂಆರ್‌ಗೆ ಒಳ್ಳೆಯ ಆಂಟಿಬಾಡಿ ಸಿಗುವುದು ಕಷ್ಟ, ಜಿಆರ್ ಜೊತೆ ಗೊಂದಲ ಆಗುತ್ತದೆ. ಎಂಆರ್ ಪ್ಲಾಸ್ಮಿಡ್ ಹಾಕಿದ ಎಚ್‌ಇಕೆ ಕೋಶವನ್ನು ಪಕ್ಕದ ಲೇನ್‌ನಲ್ಲಿ ಓಡಿಸದೆ ಯಾವ ಬ್ಯಾಂಡನ್ನೂ ನಂಬಬೇಡಿ. ಕೋಶಗಳಲ್ಲಿ ಗೊತ್ತಾಗದಂತೆ ಸೇರಿಕೊಳ್ಳುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಪರೀಕ್ಷೆಯನ್ನೂ ಇದೇ ವಾರ ಮಾಡಿಸಿಬಿಡಿ.

ಜೀನ್ ಏರಿತು, ಆದರೆ ಎಬ್ಬಿಸಿದ್ದು ಯಾರು?

ಉತ್ತರ ಬಂದಿದ್ದಕ್ಕೆ ಖುಷಿಯಾಗಿ ಹಲವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಡೋಸ್ 1 ಮೈಕ್ರೋಮೋಲಾರ್ ಇದ್ದರೆ ನಿಲ್ಲಿಸಬೇಡಿ. ಆರೋಗ್ಯವಂತರ ರಕ್ತದಲ್ಲಿ ಆಲ್ಡೋಸ್ಟೆರೋನ್ ಸಾಮಾನ್ಯವಾಗಿ 1 ನ್ಯಾನೋಮೋಲಾರ್‌ಗಿಂತ ಕಡಿಮೆ. ಎಂಆರ್ ತುಂಬಲು ಕೆಲವು ನ್ಯಾನೋಮೋಲಾರ್ ಸಾಕು. 1 ಮೈಕ್ರೋಮೋಲಾರ್ ಹಾಕಿದರೆ ಆಲ್ಡೋಸ್ಟೆರೋನ್ ಜಿಆರ್‌ನಲ್ಲೂ ಹೋಗಿ ಕೂರುತ್ತದೆ. ಆಗ ನೀವು ನೋಡುತ್ತಿರುವುದು ಎಂಆರ್ ಕೆಲಸವೋ ಜಿಆರ್ ಕೆಲಸವೋ ಹೇಳಲಾಗದು. 2005ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಲೋಸಾನ್‌ನಲ್ಲಿ ಬರ್ನಾರ್ಡ್ ರೋಸಿಯೆ ಅವರ ಗುಂಪು ಎಂಸಿಸಿಡಿ ಅನ್ನುವ ಕೋಶವನ್ನು ಮುಂದಿಟ್ಟಿದ್ದು ಈ ತೊಡಕಿಗಾಗಿಯೇ. ಅದು ರಕ್ತದಲ್ಲಿರುವಷ್ಟು ಕಡಿಮೆ ಆಲ್ಡೋಸ್ಟೆರೋನ್‌ಗೂ ಎಂಆರ್ ಮೂಲಕ ಸ್ಪಂದಿಸುತ್ತದೆ.

ಪರೀಕ್ಷೆಗೆ ಎರಡು ತಡೆಮದ್ದು ಬೇಕು. ಎಂಆರ್ ತಡೆಯಲು ಸ್ಪೈರನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್. ಜಿಆರ್ ತಡೆಯಲು ಮಿಫೆಪ್ರಿಸ್ಟೋನ್, ಲ್ಯಾಬ್‌ನಲ್ಲಿ ಆರ್‌ಯು-486 ಅಂತ ಕರೆಯುವುದು. ತಡೆಮದ್ದನ್ನು ಹಾರ್ಮೋನ್‌ಗಿಂತ ಅರ್ಧ ಗಂಟೆ ಮೊದಲೇ ಹಾಕಿ. 1, 10, 100 ನ್ಯಾನೋಮೋಲಾರ್ ಮತ್ತು 1 ಮೈಕ್ರೋಮೋಲಾರ್ ಆಲ್ಡೋಸ್ಟೆರೋನ್, ಪ್ರತಿಯೊಂದಕ್ಕೂ ಎರಡೂ ತಡೆಮದ್ದು. ಕೆಳಗಿನ ಡೋಸ್‌ಗಳ ಉತ್ತರ ಎಪ್ಲೆರಿನೋನ್‌ಗೆ ನಿಂತು ಆರ್‌ಯು-486ಗೆ ನಿಲ್ಲದಿದ್ದರೆ ಅದು ಎಂಆರ್. ಮೇಲಿನ ಡೋಸ್‌ನಲ್ಲಿ ಮಾತ್ರ ಉತ್ತರ ಬಂದು, ಅದು ಆರ್‌ಯು-486ಗೆ ನಿಂತರೆ ನಿಮ್ಮ ಕೋಶದಲ್ಲಿ ಎಂಆರ್ ಸಾಲದು.

ಕಾರ್ಟಿಸಾಲ್ ಬಳಸುವವರಿಗೆ ಇನ್ನೊಂದು ಮಾತು. ಕಾರ್ಟಿಸಾಲ್ ಕೂಡ ಎಂಆರ್‌ಗೆ ಆಲ್ಡೋಸ್ಟೆರೋನ್‌ನಷ್ಟೇ ಬಿಗಿಯಾಗಿ ಅಂಟುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಎಷ್ಟೋ ಪಟ್ಟು ಜಾಸ್ತಿ. ಹಾಗಿದ್ದೂ ನಮ್ಮ ಕಿಡ್ನಿ ಆಲ್ಡೋಸ್ಟೆರೋನ್ ಮಾತನ್ನು ಕೇಳುತ್ತದೆ, ಯಾಕೆ? 11-ಬೀಟಾ-ಎಚ್‌ಎಸ್‌ಡಿ-2 ಅನ್ನುವ ಕಿಣ್ವ ಕಾರ್ಟಿಸಾಲನ್ನು ಕಾರ್ಟಿಸೋನ್ ಮಾಡಿ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಇದು 1988ರಲ್ಲಿ ಬೆಳಕಿಗೆ ಬಂತು. ಕೆಮ್ಮು ಬಂದಾಗ ನಾವು ಬಾಯಲ್ಲಿಟ್ಟುಕೊಳ್ಳುವ ಜ್ಯೇಷ್ಠಮಧುವಿನಲ್ಲಿ ಈ ಕಿಣ್ವವನ್ನು ತಡೆಯುವ ವಸ್ತುವಿದೆ. ಅದನ್ನು ದಿನವೂ ಜಾಸ್ತಿ ತಿಂದರೆ ಬಿಪಿ ಏರಿ, ಪೊಟ್ಯಾಸಿಯಂ ಇಳಿಯುವುದು ಇದೇ ಕಾರಣಕ್ಕೆ. ಬೆಳೆಸಿದ ಕೋಶಗಳಲ್ಲಿ ಈ ಕಿಣ್ವ ಎಷ್ಟಿದೆ ಅನ್ನುವುದು ಬದಲಾಗುತ್ತದೆ. ಕಾರ್ಟಿಸಾಲ್ ಹಾಕಿ ಉತ್ತರ ಬರದಿದ್ದರೆ ಕಾರ್ಬೆನಾಕ್ಸೊಲೋನ್ ಹಾಕಿ ಕಿಣ್ವವನ್ನು ತಡೆದು ನೋಡಿ. ಡೆಕ್ಸಾಮೆಥಾಸೋನ್ ಈ ಕಾವಲಿಗೆ ಸಿಕ್ಕಿಬೀಳುವುದಿಲ್ಲ, ಮೀಡಿಯಂನಲ್ಲಿ ಅದು ಅಷ್ಟು ತೊಂದರೆ ಕೊಡಲು ಇದೂ ಒಂದು ಕಾರಣ.

ಆರ್‌ಎನ್‌ಎ ಕಡೆಯ ತಪ್ಪುಗಳು

ಸಿಟಿ 35 ದಾಟಿದವರಿಗೆ ಇದು. ಆರ್‌ಎನ್‌ಎ ಶುದ್ಧತೆ ತೋರಿಸುವ 260/280 ಅನುಪಾತ 2ರ ಹತ್ತಿರ ಇರಬೇಕು. ಬೆರೆತ ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಹಾಕಿ, ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಟ್ಯೂಬ್ ಇಡಿ. ಪ್ರೈಮರ್ ದಕ್ಷತೆ ಶೇ. 90ರಿಂದ 110ರೊಳಗೆ ಇದೆಯೇ ನೋಡಿ. ಇಲಿ ಕೋಶಕ್ಕೆ ಮನುಷ್ಯರ ಪ್ರೈಮರ್ ಹಾಕಿಲ್ಲ ತಾನೇ? ರೆಫರೆನ್ಸ್‌ಗೆ ಜಿಎಪಿಡಿಎಚ್ ಒಂದನ್ನೇ ನಂಬಬೇಡಿ, ಎರಡು ಜೀನ್ ಇಡಿ.

ಎಂಆರ್‌ಎನ್‌ಎ ಏರಿತು, ಕರೆಂಟ್ ಏರಲಿಲ್ಲ

ಕೆಲವರಿಗೆ ಜೀನ್ ಚೆನ್ನಾಗಿ ಏಳುತ್ತದೆ, ಆದರೆ ಈನ್ಯಾಕ್ ತಡೆಯುವ ಮದ್ದಾದ ಅಮಿಲೊರೈಡ್‌ಗೆ ನಿಲ್ಲುವ ಸೋಡಿಯಂ ಕರೆಂಟ್ (ಕೋಶಪದರ ದಾಟುವ ಸೋಡಿಯಂ ಹರಿವು) ಇದ್ದಷ್ಟೇ ಇರುತ್ತದೆ. ಆಗ ಮೊದಲು ಕೋಶಗಳು ಎಲ್ಲಿ ಕೂತಿವೆ ನೋಡಿ. ಕರೆಂಟ್ ಅಳೆಯಲು ತೂತಿರುವ ಫಿಲ್ಟರ್ ಮೇಲೆ ಬೆಳೆಸಬೇಕು, ಪದರದ ರೆಸಿಸ್ಟೆನ್ಸ್ ದಿನವೂ ಬರೆದಿಡಬೇಕು. ಉಪವಾಸ ಜಾಸ್ತಿಯಾಗಿ ರೆಸಿಸ್ಟೆನ್ಸ್ ಬಿದ್ದಿದ್ದರೆ ಕರೆಂಟ್ ಅಂಕಿಗೆ ಅರ್ಥವಿಲ್ಲ. ಪ್ಲಾಸ್ಟಿಕ್ ಮೇಲಿರುವ ಕೋಶಗಳಲ್ಲಿ ಅಲ್ಲಲ್ಲಿ ಗುಮ್ಮಟದ ಹಾಗೆ ಪದರ ಉಬ್ಬಿರುವುದು ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆಯೇ? ಅದು ಉಪ್ಪು ನೀರು ಮೇಲಿನಿಂದ ಕೆಳಕ್ಕೆ ಸಾಗುತ್ತಿರುವ ಗುರುತು. ಪದರ ಆರೋಗ್ಯವಾಗಿದೆ ಅಂತ ತಿಳಿಯಲು ನಾನು ದಿನವೂ ಮೊದಲು ನೋಡುವುದು ಇದನ್ನೇ.

ಪದರ ಚೆನ್ನಾಗಿದ್ದರೆ ಎಸ್‌ಜಿಕೆ-1 ಪ್ರೋಟೀನ್ ಕಡೆ ಹೋಗಿ. ಅದು ಈನ್ಯಾಕನ್ನು ಪೊರೆಯಿಂದ ಎಳೆದುಹಾಕುವ ನೆಡ್4-2 ಪ್ರೋಟೀನನ್ನು ತಡೆದು ಚಾನಲ್‌ಗಳನ್ನು ಉಳಿಸುತ್ತದೆ. ಆದರೆ ಈ ಕೈನೇಸ್ ತಯಾರಾದರೆ ಸಾಲದು, ಅದಕ್ಕೆ ಫಾಸ್ಫೇಟ್ ಸೇರಿ ಚುರುಕಾಗಬೇಕು. ಆ ಕೆಲಸ ಪಿಐ-3 ಕೈನೇಸ್ ದಾರಿಯಲ್ಲಿ ಆಗುತ್ತದೆ, ಇನ್ಸುಲಿನ್ ಆ ದಾರಿಯನ್ನು ತೆರೆಯುತ್ತದೆ. ಉಪವಾಸದ ಮೀಡಿಯಂನಿಂದ ಸ್ಟೆರಾಯ್ಡ್ ಜೊತೆಗೆ ಇನ್ಸುಲಿನನ್ನೂ ತೆಗೆದಿದ್ದರೆ ಜೀನ್ ಏರಿ ಕರೆಂಟ್ ಏರದಿರುವುದು ಸಹಜ. ಒಂದು ಫಿಲ್ಟರ್ ಜೋಡಿಗೆ ಇನ್ಸುಲಿನ್ ಮಾತ್ರ ವಾಪಸ್ ಕೊಟ್ಟು, ಮೂರು ಗಂಟೆಯಲ್ಲಿ ಕರೆಂಟ್ ಅಳೆಯಿರಿ. ಕೊನೆಗೆ ಮೇಲಿನ ಬದಿಗೆ 10 ಮೈಕ್ರೋಮೋಲಾರ್ ಅಮಿಲೊರೈಡ್ ಹಾಕಿ, ಎಷ್ಟು ಬಿತ್ತು ಅಂತ ಬರೆದುಕೊಳ್ಳಿ. ಬಿದ್ದಷ್ಟು ಮಾತ್ರ ಈನ್ಯಾಕ್‌ನದು.